ದಾರ ಹೇಳಿದಂತೆ ಕೋಲು

1854ರಲ್ಲಿ ಅಮೆರಿಕದ ಬಾಲ್ಟಿಮೋರ್ ಅಂಡ್ ಓಹಾಯೊ ರೈಲಿನಲ್ಲಿ ಟಿಕೆಟ್ ಇಲ್ಲದ ಕೆಲವು ಪ್ರಯಾಣಿಕರು ಅಲಿಗೇನಿ ಬೆಟ್ಟಸಾಲನ್ನು ದಾಟಿದರು. ವೀಲಿಂಗ್ ಊರಿನ ಹೊಳೆಯಲ್ಲಿ ಹಿಡಿದ ಒಂದಷ್ಟು ಬಾಸ್ ಮೀನುಗಳನ್ನು ಶ್ರೈವರ್ ಎಂಬ ಮಹನೀಯರು ತೂತು ಕೊರೆದ ಡಬ್ಬಿಗೆ ಹಾಕಿ, ಉಗಿಬಂಡಿಯ ನೀರಿನ ತೊಟ್ಟಿಯೊಳಗೆ ಇಳಿಬಿಟ್ಟಿದ್ದರು. ಕಂಬರ್ಲೆಂಡ್ ಬಂದಾಗ ಅವನ್ನು ಹೊರತೆಗೆದು ಕಾಲುವೆಗೆ ಬಿಟ್ಟರು. ಅಲ್ಲಿಂದ ಅವು ಪೊಟೊಮ್ಯಾಕ್ ನದಿಗೆ ಇಳಿದವು. ಅದುವರೆಗೆ ಬಾಸ್ ಇರದಿದ್ದ ಆ ನದಿ ಕೆಲವೇ ವರ್ಷಗಳಲ್ಲಿ ಬಾಸ್ ಹಿಡಿಯುವವರ ನೆಚ್ಚಿನ ತಾಣವಾಯಿತು. ರೈಲು ಹೋದಲ್ಲೆಲ್ಲ ಈ ಮೀನೂ ಹೋಯಿತು.

ಆದರೆ ಅದನ್ನು ಹಿಡಿಯುವ ಸಲಕರಣೆ ಮಾತ್ರ ಎಲ್ಲಿಂದಲೂ ರೈಲೇರಿ ಬರಲಿಲ್ಲ. ಆ ಕಾಲದಲ್ಲಿ ಗಾಳದ ಆಟವೆಂದರೆ ಇಂಗ್ಲೆಂಡಿನ ಟ್ರೌಟ್ ಮೀನಿನ ಆಟ. ತಿಳಿನೀರಿನ ತೊರೆ, ಉದ್ದನೆಯ ಕೋಲು, ತುದಿಯಲ್ಲಿ ಗರಿ ಸುತ್ತಿದ ಹುಸಿ ನೊಣ. ಬಾಸ್ ಮೀನಿನ ರೀತಿಯೇ ಬೇರೆ. ಅದು ಜೊಂಡಿನ ಸಂದಿಯಲ್ಲೋ ಮುಳುಗಿದ ಮರದ ಬೊಡ್ಡೆಯ ಪಕ್ಕದಲ್ಲೋ ಹೊಂಚು ಹಾಕಿ ಕೂರುತ್ತದೆ. ಕಪ್ಪೆ, ಸೀಗಡಿಯಂಥ ಜೀವಿ, ಮರಿಮೀನು ಎನ್ನದೆ ಎದುರು ಬಂದದ್ದನ್ನು ನುಂಗುತ್ತದೆ. ಅದನ್ನು ಹಿಡಿಯಬೇಕಾದರೆ ಎರೆಯನ್ನು ದೂರಕ್ಕೆ ಎಸೆಯಬೇಕು, ಗುರಿಯಿಟ್ಟ ಜಾಗದಲ್ಲೇ ಬೀಳಿಸಬೇಕು, ಕಚ್ಚಿದ ಮೇಲೆ ಬೇರು-ಬೊಡ್ಡೆಗಳ ನಡುವಿನಿಂದ ಎಳೆದು ತರಬೇಕು. ಈ ಮೂರು ಕೆಲಸಕ್ಕೆ ಬೇಕಾದ ಕೋಲು, ದಾರ, ಹುಸಿ ಎರೆಗಳನ್ನು ಮಾಡಿಕೊಟ್ಟವರು ಗಡಿಯಾರದವರು, ಕೋವಿ ಮಾಡುವವರು, ಜೇನು ಸಾಕುವವರು, ಕಾರ್ಖಾನೆಯ ಯಂತ್ರ ಕೆಲಸಗಾರರು.

ಇಂದು ಅಮೆರಿಕದ ಗಾಳದ ಅಂಗಡಿಗೆ ಹೋದವರ ಕಣ್ಣು ಮೊದಲು ಹೊರಳುವುದು ಗೋಡೆ ತುಂಬ ತೂಗುವ ಬಣ್ಣಬಣ್ಣದ ಹುಸಿ ಎರೆಗಳ ಕಡೆಗೆ. ಇತಿಹಾಸ ನೋಡಿದರೆ ಕತೆಯನ್ನು ನಡೆಸಿದ್ದು ಅವಲ್ಲ, ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಕೂತ ದಾರ. ದಾರ ಬದಲಾದಾಗಲೆಲ್ಲ ಕೋಲು ಬದಲಾಯಿತು. ಕೋಲು ಬದಲಾದಾಗ ಎರೆಯೂ ಬದಲಾಯಿತು.

ಮೊದಲು ದಾರ ಸುತ್ತುವ ರೀಲು. ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಸ್ನೈಡರ್ ಗಡಿಯಾರ ರಿಪೇರಿ, ಬೆಳ್ಳಿ ಕೆಲಸ ಮಾಡಿಕೊಂಡಿದ್ದ. 1810ರ ದಶಕದ ಸುಮಾರಿಗೆ ಅವನು ತನಗೂ ಗೆಳೆಯರಿಗೂ ಹಿತ್ತಾಳೆಯ ರೀಲುಗಳನ್ನು ಮಾಡತೊಡಗಿದ. ಅಂದಿನ ಸಾಮಾನ್ಯ ರೀಲು ದಾರವನ್ನು ಕೂಡಿಡುವ ಉಂಡೆಯಷ್ಟೆ. ಹಿಡಿಕೆ ಒಂದು ಸುತ್ತು ತಿರುಗಿದರೆ ಉಂಡೆಯೂ ಒಂದೇ ಸುತ್ತು. ಇಂಗ್ಲೆಂಡಿನಲ್ಲಿ ಹಲ್ಲುಚಕ್ರ ಕೂರಿಸಿದ ರೀಲುಗಳೂ ಇದ್ದವು, ಆದರೆ ಎಸೆಯುವ ಕೆಲಸಕ್ಕೆ ಅವು ಒಗ್ಗಲಿಲ್ಲ. ಕೆಂಟಕಿಯವರು ಕೊಕ್ಕೆಗೆ ಸಿಕ್ಕಿಸುತ್ತಿದ್ದುದು ಜೀವಂತ ಮರಿಮೀನು. ಅಷ್ಟು ಹಗುರದ ವಸ್ತು ಗಾಳಿಯಲ್ಲಿ ಹಾರುತ್ತ ತಾನೇ ದಾರವನ್ನು ಎಳೆದುಕೊಂಡು ಹೋಗಬೇಕಾದರೆ ಉಂಡೆ ಉಸಿರು ತಾಗಿದರೂ ತಿರುಗುವಂತಿರಬೇಕು. ಅಂಥ ನಯ ಗೊತ್ತಿದ್ದದ್ದು ಗಡಿಯಾರದವನಿಗೆ.

ಮುಂದೆ ಅದೇ ರಾಜ್ಯದ ಫ್ರಾಂಕ್‌ಫರ್ಟ್‌ನಲ್ಲಿ ಜೊನಾಥನ್ ಮತ್ತು ಬೆಂಜಮಿನ್ ಮೀಕ್ ಎಂಬ ಅಣ್ಣತಮ್ಮಂದಿರೂ ಬೆಂಜಮಿನ್ ಮೈಲಮ್ ಎಂಬವನೂ ಈ ಕೆಲಸವನ್ನು ಕೈಗೆತ್ತಿಕೊಂಡರು. ಅವರೂ ಗಡಿಯಾರದವರೇ. ಹಲ್ಲುಗಳನ್ನು ಒಂದೊಂದಾಗಿ ಕಡೆದು, ಅರದಿಂದ ತೀಡಿ, ಹಿಡಿಕೆ ಒಂದು ಸುತ್ತು ಬಂದರೆ ಉಂಡೆ ನಾಲ್ಕು ಸುತ್ತು ಬರುವಂತೆ ಕೂರಿಸುತ್ತಿದ್ದರು. 'ಕೆಂಟಕಿ ರೀಲು' ಎಂದರೆ ಇವತ್ತಿಗೂ ಹಳೆಯ ವಸ್ತು ಸಂಗ್ರಹಿಸುವವರ ಕಿವಿ ನೆಟ್ಟಗಾಗುತ್ತದೆ.

ರೀಲು ಸಲೀಸಾಗಿ ತಿರುಗುವುದರಲ್ಲೇ ಒಂದು ತೊಡಕೂ ಇತ್ತು. ಎರೆ ನೀರು ಮುಟ್ಟುವ ಹೊತ್ತಿಗೆ ಉಂಡೆ ಇನ್ನೂ ತಿರುಗುತ್ತಿದ್ದರೆ ದಾರ ಹಿಂದಕ್ಕೆ ಹೊಸೆದುಕೊಂಡು ಕಗ್ಗಂಟಾಗುತ್ತದೆ. ಅದನ್ನು ತಡೆಯಲು ಹೆಬ್ಬೆರಳನ್ನು ಉಂಡೆಯ ಮೇಲೆ ಹಗುರವಾಗಿ ಒತ್ತಿ ಹಿಡಿಯಬೇಕು. ಈ ಹೆಬ್ಬೆರಳ ವಿದ್ಯೆ ಕೈಗೆ ಹತ್ತದವನು ದಿನವಿಡೀ ಸಿಕ್ಕು ಬಿಡಿಸುತ್ತ ಕೂರಬೇಕಾಗಿತ್ತು. ಬಾಸ್ ಹಿಡಿಯುವ ರೀಲನ್ನು ಸುಧಾರಿಸಲು ಹೊರಟವರೆಲ್ಲ ನೂರೈವತ್ತು ವರ್ಷ ಹೋರಾಡಿದ್ದು ಈ ಒಂದು ಸಿಕ್ಕಿನ ಜೊತೆ. ಮಿಷಿಗನ್‌ನ ಕಲಮಝೂ ಊರಿನಲ್ಲಿ ವಿಲಿಯಂ ಶೇಕ್ಸ್‌ಪಿಯರ್ ಎಂಬ ಯುವಕ (ನಾಟಕಕಾರನಿಗೂ ಇವನಿಗೂ ಸಂಬಂಧ ಕೇಳಬೇಡಿ) ದಾರ ಒಂದೇ ಕಡೆ ಗುಡ್ಡೆ ಬೀಳದೆ ಉಂಡೆಯ ಉದ್ದಕ್ಕೂ ಸಮನಾಗಿ ಸುತ್ತಿಕೊಳ್ಳುವ ರೀಲು ರೂಪಿಸಿ, 1897ರಲ್ಲಿ ಕಂಪನಿ ತೆರೆದ.

ಬಾಸ್ ಮೀನಿಗೆ ಮರ್ಯಾದೆ ತಂದುಕೊಟ್ಟದ್ದು ಒಂದು ಪುಸ್ತಕ. ಜೇಮ್ಸ್ ಹೆನ್ಶಾಲ್ ಎಂಬ ವೈದ್ಯ 1881ರಲ್ಲಿ 'ಬುಕ್ ಆಫ್ ದಿ ಬ್ಲ್ಯಾಕ್ ಬಾಸ್' ಪ್ರಕಟಿಸಿ, ಗಾತ್ರಕ್ಕೆ ತಕ್ಕಂತೆ ತೂಗಿದರೆ ಇದರಷ್ಟು ಸೆಣಸುವ ಮೀನು ಇನ್ನೊಂದಿಲ್ಲ ಎಂದು ವಾದಿಸಿದ. ಇದಕ್ಕೂ ಎಂಟು ವರ್ಷ ಮೊದಲು, 1873ರಲ್ಲಿ, ನಮ್ಮ ಮಂಗಳೂರಿನಲ್ಲಿ ಎಚ್.ಎಸ್. ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿಯ 'ದಿ ರಾಡ್ ಇನ್ ಇಂಡಿಯಾ' ಅಚ್ಚಾಗಿತ್ತು. ಅದರ ನಾಯಕ ಮಹಶೀರ್ ಮೀನು. ಊರಿನ ಮೀನು ಟ್ರೌಟ್‌ಗಿಂತ ಕಡಿಮೆಯಲ್ಲ ಎಂಬ ಹಠ ಎರಡು ಪುಸ್ತಕಗಳಲ್ಲೂ ಒಂದೇ.

ಹೆನ್ಶಾಲ್ ವಾದಿಸಿ ಸುಮ್ಮನಾಗಲಿಲ್ಲ, ಕೋಲಿನ ಅಳತೆಯನ್ನೂ ಕೊಟ್ಟ. ಹತ್ತು-ಹನ್ನೆರಡು ಅಡಿಯ ಕೋಲುಗಳು ಓಡಾಡುತ್ತಿದ್ದ ಕಾಲದಲ್ಲಿ ಅವನದು ಎಂಟೂಕಾಲು ಅಡಿ. ಕೆಲಕಾಲದಲ್ಲೇ ಚಿಕಾಗೋ ಕಡೆಯವರು ಅದನ್ನೂ ಮೊಟಕು ಮಾಡಿ ಆರಡಿಗೆ ತಂದರು. ಹೆನ್ಶಾಲ್ ಕೋಲು ಮರಿಮೀನನ್ನು ಪಕ್ಕದಿಂದ ಬೀಸಿ ನಯವಾಗಿ ಎಸೆಯಲು ಮಾಡಿದ್ದು. ಚಿಕಾಗೋದವರು ತಲೆಯ ಮೇಲಿಂದ ನೇರ ಹೊಡೆಯುತ್ತಿದ್ದರು. ಅದಕ್ಕೆ ಗಿಡ್ಡ ಕೋಲೇ ಸರಿ.

ಆ ಕೋಲುಗಳಲ್ಲಿ ಭಾರತದ ಪಾಲೂ ಇತ್ತು. ಆಶ್, ಲ್ಯಾನ್ಸ್‌ವುಡ್‌ನಂಥ ಗಟ್ಟಿ ಮರಗಳನ್ನು ಬಿಟ್ಟು ಬಿದಿರಿನ ಸೀಳುಗಳನ್ನು ಅಂಟಿಸಿ ಕೋಲು ಮಾಡುವ ಕಲೆ 1840ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಕೋವಿ ಕೆಲಸಗಾರ ಸ್ಯಾಮುಯೆಲ್ ಫಿಲಿಪ್ಪಿಯಿಂದ ಅಮೆರಿಕದಲ್ಲಿ ಬೇರೂರಿತು. ಹೈರಮ್ ಲೆನರ್ಡ್ ಎಂಬವನು ಅದಕ್ಕೆ ಯಂತ್ರ ಕಟ್ಟಿ, ಮುಮ್ಮೂಲೆಯ ಆರು ಸೀಳುಗಳನ್ನು ಜೋಡಿಸಿ ಆರು ಮುಖದ ಕೋಲು ಮಾಡಿದ. ಬಿದಿರಿನ ಸತ್ವವಿರುವುದು ಹೊರಸಿಪ್ಪೆಯ ಕೆಳಗಿನ ನಾರಿನಲ್ಲಿ. ಸೀಳಿ ಜೋಡಿಸಿದಾಗ ಆ ನಾರು ಕೋಲಿನ ಸುತ್ತಲೂ ಹೊರಮುಖವಾಗಿ ನಿಲ್ಲುತ್ತದೆ, ಒಳಗಿನ ಬೆಂಡು ಕಳೆದುಹೋಗುತ್ತದೆ. ಈ ಬಿದಿರು ಬರುತ್ತಿದ್ದದ್ದು ಕಲ್ಕತ್ತಾ ಬಂದರಿನಿಂದ, ಅದರ ಹೆಸರೂ 'ಕಲ್ಕತ್ತಾ ಕೇನ್'. ಅದರ ಮೈಮೇಲೆ ಬೆಂಕಿಯಲ್ಲಿ ಸುಟ್ಟ ಕಂದು ಮಚ್ಚೆಗಳಿರುತ್ತಿದ್ದವು. ಮಚ್ಚೆ ಆಳಕ್ಕೆ ಇಳಿದಿದ್ದರೆ ಕೋಲು ಅಲ್ಲೇ ಮುರಿಯುತ್ತಿತ್ತು, ಆದ್ದರಿಂದ ಕೆಲಸಗಾರ ರಾಶಿಯಿಂದ ಆರಿಸಿ ಆರಿಸಿ ತೆಗೆಯಬೇಕಿತ್ತು. ಮುಂದೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ 'ಟಾಂಕಿನ್' ಬಿದಿರು ಬಂದು ಕಲ್ಕತ್ತಾ ಬಿದಿರನ್ನು ಮೂಲೆಗೆ ತಳ್ಳಿತು. ನಡುವೆ ಕನೆಕ್ಟಿಕಟ್‌ನ ಎವರೆಟ್ ಹಾರ್ಟನ್ 1887ರಲ್ಲಿ ಒಂದರೊಳಗೊಂದು ಮಡಚಿಕೊಳ್ಳುವ ಉಕ್ಕಿನ ಕೋಲಿಗೆ ಪೇಟೆಂಟ್ ಪಡೆದ. ದಾರ ಆ ಕೊಳವೆಯ ಒಳಗೇ ಹರಿಯುತ್ತಿತ್ತು. ಅಗ್ಗದ ಉಕ್ಕಿನ ಕೋಲುಗಳು ಬಹಳ ವರ್ಷ ಬಾಳಿದವು, ಆದರೆ ಅವನ್ನು ಪ್ರೀತಿಸಿದವರು ಕಡಿಮೆ.

ದಾರ? ಆಗ ಹೆಣೆದ ರೇಷ್ಮೆ ಬಿಟ್ಟರೆ ಲಿನನ್. ಹೆಬ್ಬೆರಳಿಗೆ ರೇಷ್ಮೆ ಹಿತ, ಉಂಡೆಯ ಮೇಲೆ ಮೆತ್ತಗೆ ಕೂರುತ್ತದೆ. ಆದರೆ ಅದರ ಆರೈಕೆ ಹಸುಗೂಸಿನ ಆರೈಕೆಯೇ ಸರಿ. ಕೆರೆಯಿಂದ ಮನೆಗೆ ಬಂದವನು ಊಟಕ್ಕೆ ಕೂರುವ ಮೊದಲು ಒದ್ದೆ ದಾರವನ್ನೆಲ್ಲ ರೀಲಿನಿಂದ ಬಿಚ್ಚಿ, ಕುರ್ಚಿಯ ಬೆನ್ನಿಗೋ ಅದಕ್ಕೆಂದೇ ಮಾಡಿದ ಮರದ ಚೌಕಟ್ಟಿಗೋ ಸುತ್ತಿ ಒಣಗಲು ಬಿಡಬೇಕು. ಹಾಗೇ ಮರೆತರೆ ದಾರ ಕೊಳೆಯುತ್ತದೆ. ಮರುದಿನ ತುದಿಯ ಕೆಲವು ಅಡಿಗಳನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಬೇಕು. ಪಟ್ಟೆಂದು ಹರಿದರೆ ಅಷ್ಟನ್ನು ಕತ್ತರಿಸಿ ಎಸೆಯಬೇಕು. ಜೊತೆಗೆ ರೇಷ್ಮೆ ನೀರಿನಲ್ಲಿ ಮರೆಯಾಗುವುದಿಲ್ಲ. ಹಗುರ ಎರೆಯನ್ನು ದೂರಕ್ಕೆ ಒಯ್ಯುವಷ್ಟು ಸಣ್ಣ ರೇಷ್ಮೆ ದೊಡ್ಡ ಮೀನನ್ನು ತಡೆಯುವುದಿಲ್ಲ. ಮೀನನ್ನು ತಡೆಯುವಷ್ಟು ದಪ್ಪ ರೇಷ್ಮೆ ಹಗುರ ಎರೆಯನ್ನು ಒಯ್ಯುವುದಿಲ್ಲ. ಆದ್ದರಿಂದ ಎರೆಯೇ ಭಾರವಾಗಬೇಕಾಯಿತು. ಮರದ ಹುಸಿಮೀನಿನ ಯುಗ ಶುರುವಾದದ್ದು ಇಲ್ಲಿ.

ಮಿಷಿಗನ್‌ನ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡ್ಡನ್ ಹೆಸರಾಂತ ಜೇನು ಸಾಕಣೆಗಾರ. 1885ರಲ್ಲಿ ಒಂದು ಬಗೆಯ ಜೇನುಪೆಟ್ಟಿಗೆಗೆ ಪೇಟೆಂಟ್ ಪಡೆದವನು, ಪತ್ರಿಕೆಯನ್ನೂ ನಡೆಸಿದವನು. ಊರಿನ ಗಿರಣಿ ಕೊಳದ ದಡದಲ್ಲಿ ಗೆಳೆಯರಿಗೆ ಕಾಯುತ್ತ ಒಂದು ಕಡ್ಡಿಯನ್ನು ಕೆತ್ತಿ ನೀರಿಗೆ ಎಸೆದನಂತೆ, ಬಾಸ್ ಒಂದು ಅದಕ್ಕೆ ಹಾರಿ ಹೊಡೆಯಿತಂತೆ. ಕಂಪನಿಯವರು ದಶಕಗಳ ಕಾಲ ಹೇಳಿಕೊಂಡು ಬಂದ ಕತೆ ಇದು. ಅಂತೆಕಂತೆಯನ್ನು ಅಷ್ಟಕ್ಕೇ ಬಿಡೋಣ. ದಾಖಲೆಯಲ್ಲಿರುವುದು ಇಷ್ಟು: ಅವನು ಮರದ ಕಪ್ಪೆಗಳನ್ನು ಕೆತ್ತಿ ಗೆಳೆಯರಿಗೆ ಹಂಚಿದ, 1902ರಲ್ಲಿ ಪೇಟೆಂಟ್ ಪಡೆದು ಮಗನೊಂದಿಗೆ ವ್ಯಾಪಾರಕ್ಕೆ ಇಳಿದ. ಅವರ 'ಡೊವಾಜಿಯಾಕ್ ಮಿನ್ನೊ' ಎಂಬ ಹುಸಿಮೀನಿಗೆ ಗಾಜಿನ ಕಣ್ಣು, ಹಿಂದೆ ಮುಂದೆ ತಿರುಗುವ ಲೋಹದ ರೆಕ್ಕೆ, ಮೈಮೇಲೆ ಪದರ ಪದರ ಮೆರುಗೆಣ್ಣೆ. ದೊಡ್ಡ ಮಾದರಿಗೆ ಮೂರು ಮುಳ್ಳಿನ ಐದು ಕೊಕ್ಕೆ, ಅಂದರೆ ಹದಿನೈದು ಮುಳ್ಳು. ಅದನ್ನು ಮೀನಿನ ಬಾಯಿಂದ ಬಿಡಿಸುವವನ ಬೆರಳಿನ ಗತಿ ಏನು ಎಂದು ಆಗಲೇ ಗೊಣಗಾಟ ಎದ್ದಿತ್ತು. ಮುಂದೆ ಕೊಕ್ಕೆಗಳ ಸಂಖ್ಯೆ ಇಳಿಯಿತು.

ಹೆಡ್ಡನ್ ಹಿಂದೆಯೇ ನೂರಾರು ಮಂದಿ ಬಂದರು. ಇಂಡಿಯಾನಾದ ಗ್ಯಾರೆಟ್ ಊರಿನ ಕ್ರೀಕ್ ಚಬ್ ಕಂಪನಿ ಹುಸಿಮೀನಿನ ಗಲ್ಲಕ್ಕೆ ಒಂದು ಲೋಹದ ತುಟಿ ಸಿಕ್ಕಿಸಿತು. ಎಳೆದಾಗ ನೀರು ಆ ತುಟಿಗೆ ಬಡಿದು ಮರದ ತುಂಡು ಜೀವ ಬಂದಂತೆ ಮೈ ಬಳುಕಿಸುತ್ತ ಕೆಳಗಿಳಿಯುತ್ತದೆ. ಇಂದಿನ ಮುಳುಗುವ ಹುಸಿಮೀನುಗಳಲ್ಲಿ ಬಹುಪಾಲಿಗೆ ಇಂಥ ತುಟಿ ಇದೆ. ಜಾಹೀರಾತಿನ ಭರಾಟೆಯೂ ಹುಟ್ಟಿತು: 1910ರಲ್ಲಿ ವಿಲಿಯಂ ಜೇಮಿಸನ್ ಮತ್ತು ಆನ್ಸ್ ಡೆಕರ್ ಎಂಬ ಇಬ್ಬರು ತಯಾರಕರು ಓಹಾಯೊದ ಕಾಂಗ್ರೆಸ್ ಲೇಕ್‌ನಲ್ಲಿ ತಮ್ಮತಮ್ಮ ಸರಕನ್ನೇ ಎಸೆದು ಪಂದ್ಯ ಆಡಿದರು. ಗೆದ್ದ ಜೇಮಿಸನ್ ಅದನ್ನು ಜಾಹೀರಾತಿಗೆ ಬಳಸದೆ ಬಿಡಲಿಲ್ಲ.

ಇಷ್ಟೆಲ್ಲ ಸರಕಿನ ನಡುವೆ ಅತಿ ದೊಡ್ಡ ಬಾಸ್ ಹಿಡಿದು ದಾಖಲೆ ಮುರಿದವನ ಬಳಿ ಏನಿತ್ತು? 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್ಗಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಎಂಬ ರೈತ ಯುವಕ, ಮಳೆ ಬಂದು ಹೊಲದ ಕೆಲಸ ನಿಂತದ್ದರಿಂದ, ಗೆಳೆಯನ ಜೊತೆ ದೋಣಿಯಲ್ಲಿ ಹೋದ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕೋಲು, ಒಂದೇ ಹುಸಿಮೀನು. ಅದೂ ಕ್ರೀಕ್ ಚಬ್‌ನದು. ಬಿದ್ದ ಬಾಸ್ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋ ಮೀರಿದ ಮೀನು. ಅಂಚೆ ಕಚೇರಿಯಲ್ಲಿ ತೂಗಿಸಿ, ಮನೆಗೊಯ್ದು ಅಡುಗೆ ಮಾಡಿ ಉಂಡರು. ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಅದಕ್ಕೆ 75 ಡಾಲರ್ ಬೆಲೆಯ ಸಾಮಾನು ಬಹುಮಾನವಾಗಿ ಬಂತು. ಅದು ಆರ್ಥಿಕ ಕುಸಿತದ ಕಾಲ. ಮೀನಿಗಿಂತ ಆ ಬಹುಮಾನವೇ ಮನೆಗೆ ಹೆಚ್ಚು ಆಸರೆಯಾಗಿರಬೇಕು.

ರೇಷ್ಮೆಯ ಆಳ್ವಿಕೆ ಮುಗಿಸಿದ್ದು ರಸಾಯನಶಾಸ್ತ್ರ. ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ತಂಡ 1935ರಲ್ಲಿ ಹುಟ್ಟಿಸಿದ ನೈಲಾನನ್ನು ಕಂಪನಿ 1938ರಲ್ಲಿ ಜಗತ್ತಿಗೆ ತೋರಿಸಿತು. ಮೊದಲು ಬಂದದ್ದು ಹಲ್ಲುಜ್ಜುವ ಬ್ರಷ್ಷಿನ ಕೂದಲು, ಹಿಂದೆಯೇ ಗಾಳದ ದಾರ. ಅಷ್ಟರಲ್ಲಿ ಯುದ್ಧ ಬಂದು ನೈಲಾನ್ ಎಲ್ಲ ಪ್ಯಾರಾಚೂಟಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಬಂದ ಒಂಟಿ ಎಳೆಯ ನೈಲಾನ್, ನಮ್ಮವರ ತಂಗೂಸಿ ದಾರ, ಕೊಳೆಯುವುದಿಲ್ಲ, ಒಣಗಿಸಬೇಕಿಲ್ಲ, ನೀರಿನಲ್ಲಿ ಕಣ್ಣಿಗೆ ಬೀಳುವುದೂ ಕಡಿಮೆ. ಮೊದಮೊದಲು ಅದು ತಂತಿಯಂತೆ ಬಿರುಸಾಗಿತ್ತು. 1958ರಲ್ಲಿ ಡ್ಯುಪಾಂಟ್ 'ಸ್ಟ್ರೆನ್' ಹೆಸರಿನ ಮೆದು ದಾರ ತಂದ ಮೇಲೆ ರೇಷ್ಮೆಯ ಕಡೆ ತಿರುಗಿ ನೋಡುವವರೇ ಇಲ್ಲವಾದರು.

ಸಣ್ಣ ನೈಲಾನಿಗೆ ಹೇಳಿಮಾಡಿಸಿದಂತಿದ್ದ ರೀಲು ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿಯಾಗಿತ್ತು. ಯಾರ್ಕ್‌ಷೈರಿನ ಬಟ್ಟೆ ಗಿರಣಿಯ ಮಾಲೀಕ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ನೂಲಿನ ಕಂಡಿಕೆಯಿಂದ ನೂಲು ತುದಿಯ ಮೇಲಿಂದ ಜಾರುವುದನ್ನು ಕಂಡವನು. 1905ರಲ್ಲಿ ಉಂಡೆ ತಿರುಗದೆ ದಾರವಷ್ಟೇ ಜಾರಿ ಹೋಗುವ ರೀಲಿಗೆ ಪೇಟೆಂಟ್ ಪಡೆದ. ಉಂಡೆಯೇ ತಿರುಗದಿದ್ದರೆ ಹಳೆಯ ಕಗ್ಗಂಟಿನ ಭಯವೂ ಇಲ್ಲ. 1949ರಲ್ಲಿ ಟೆಕ್ಸಾಸಿನ ಆರ್.ಡಿ. ಹಲ್, ಅವನೂ ಗಡಿಯಾರದವನೇ, ಅಂಗಡಿಯಲ್ಲಿ ಪೊಟ್ಟಣ ಕಟ್ಟುವವನು ದಾರದ ಉಂಡೆಯಿಂದ ದಾರ ಎಳೆಯುವುದನ್ನು ನೋಡಿ ಮುಚ್ಚಿದ ಮೂತಿಯ ರೀಲು ಮಾಡಿದ. ಎಣ್ಣೆಬಾವಿಗಳಿಗೆ ಸಿಡಿಮದ್ದು ಮಾಡುತ್ತಿದ್ದ ತುಲ್ಸಾದ ಝೀರೊ ಅವರ್ ಬಾಂಬ್ ಕಂಪನಿ ಅದನ್ನು ತಯಾರಿಸತೊಡಗಿತು. ಇಂದಿನ 'ಝೆಬ್ಕೊ' ಅದೇ. ಹೆಬ್ಬೆರಳ ವಿದ್ಯೆ ಬಾರದ ಮಕ್ಕಳೂ ಬಾಸ್ ಹಿಡಿಯುವಂತಾಯಿತು.

ಹಗುರ ಎರೆಗಳ ಕಾಲವೂ ಬಂತು. ಫಿನ್ಲೆಂಡಿನ ಬಡ ಬೆಸ್ತ ಲೌರಿ ರಪಾಲ 1936ರಲ್ಲಿ ಬೆಂಡು ಕೆತ್ತಿ, ತಗಡಿನ ಹಾಳೆ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿದ ದ್ರವ ಬಳಿದು ಮಾಡಿದ್ದ ಪುಟ್ಟ ಮೀನು ರೇಷ್ಮೆ ದಾರದ ರೀಲಿನಿಂದ ದೂರ ಹಾರುತ್ತಿರಲಿಲ್ಲ. ನೈಲಾನಿನಿಂದ ಹಾರಿತು. 1962ರ ಆಗಸ್ಟಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನ ಬಂತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೊ. ಸಂಚಿಕೆ ಮನೆಮನೆಗೆ ತಲುಪಿತು, ಬೇಡಿಕೆ ಪೂರೈಸಲಾಗದಷ್ಟು ಏರಿತು.

ಕೋಲಿನ ಸರದಿ. 1944ರಲ್ಲಿ ಟೊಲಿಡೊದ ರಸಾಯನತಜ್ಞ ಆರ್ಥರ್ ಹೌಅಲ್ಡ್ ತನ್ನ ಬಿದಿರಿನ ಕೋಲಿನ ತುದಿ ಮುರಿದುಕೊಂಡ. ಯುದ್ಧಕಾಲದಲ್ಲಿ ಬಿದಿರು ಸಿಗದೆ ಗಾಜಿನ ನಾರನ್ನು ರಾಳದಲ್ಲಿ ಅದ್ದಿ ತುದಿ ಮಾಡಿಕೊಂಡ. ಯುದ್ಧ ಮುಗಿದೊಡನೆ ಶೇಕ್ಸ್‌ಪಿಯರ್ ಕಂಪನಿ ಅದನ್ನೇ 'ವಂಡರ್‌ರಾಡ್' ಹೆಸರಿನಲ್ಲಿ ಮಾರಿತು. 1950ರಲ್ಲಿ ಕೊರಿಯಾ ಯುದ್ಧದಿಂದಾಗಿ ಅಮೆರಿಕ ಚೀನಾದ ಸರಕಿಗೆ ತಡೆ ಹಾಕಿದಾಗ ಟಾಂಕಿನ್ ಬಿದಿರಿನ ಕತೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ನೈಲಾನಿಗೆ ಒಂದು ದೋಷವಿತ್ತು: ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಅದು ತೊಂದರೆ ಎನಿಸಿದ್ದು ಪ್ಲಾಸ್ಟಿಕ್ ಎರೆಹುಳು ಬಂದ ಮೇಲೆ. ಓಹಾಯೊದ ಏಕ್ರನ್ ಊರಿನ ಯಂತ್ರ ಕೆಲಸಗಾರ ನಿಕ್ ಕ್ರೀಮ್ 1949ರಲ್ಲಿ ಮನೆಯ ಒಲೆಯ ಮೇಲೆ ವಿನೈಲ್ ಕಾಯಿಸಿ, ನಿಜವಾದ ಎರೆಹುಳುವಿನಿಂದ ತೆಗೆದ ಅಚ್ಚಿಗೆ ಹೊಯ್ದು, ನಿಜದಂತೆಯೇ ಮೆತ್ತಗೆ ನುಲಿಯುವ ಹುಳು ಮಾಡಿದ, ಹೆಂಡತಿಯೂ ಜೊತೆಗಿದ್ದಳು. 1951ರ ಹೊತ್ತಿಗೆ ಅಂಚೆಯಲ್ಲಿ ಡಾಲರಿಗೆ ಐದರಂತೆ ಹೋಗುತ್ತಿದ್ದವು. ಅದೇ ದಶಕಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಒಂದರ ಹಿಂದೊಂದು ಅಣೆಕಟ್ಟು ಎದ್ದು, ಟೆಕ್ಸಾಸಿನ ಸ್ಯಾಮ್ ರೇಬರ್ನ್, ಟೊಲಿಡೊ ಬೆಂಡ್‌ನಂಥ ಜಲಾಶಯಗಳಲ್ಲಿ ಕಾಡುಗಳು ನಿಂತಲ್ಲೇ ಮುಳುಗಿದ್ದವು. ಬಾಸ್ ಮೀನಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಅಲ್ಲಿ ಬಯಲಾಗಿ ನಿಂತ ಕೊಕ್ಕೆ ಪ್ರತಿ ಎಸೆತಕ್ಕೂ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಟೆಕ್ಸಾಸಿನವರು ಕೊಕ್ಕೆಯ ಮುಳ್ಳನ್ನು ಪ್ಲಾಸ್ಟಿಕ್ ಹುಳುವಿನ ಮೈಯೊಳಗೇ ಹುದುಗಿಸಿ ಎಸೆದರು. ಈಗ ಮೀನು ಕಚ್ಚಿದಾಗ ಮುಳ್ಳು ಮೊದಲು ಪ್ಲಾಸ್ಟಿಕ್ ಸೀಳಿ, ಆಮೇಲೆ ದವಡೆಗೆ ಇಳಿಯಬೇಕು. ಅಷ್ಟರಲ್ಲಿ ನೈಲಾನ್ ಹಿಗ್ಗಿ ಎಳೆತದ ಬಲ ತಿಂದುಬಿಡುತ್ತದೆ. ಪರಿಹಾರವಾಗಿ ಬಂದದ್ದು ಗೂಟದಂಥ ಬಿರುಸು ಕೋಲು. 1960ರ ದಶಕದ ಬಾಸ್ ಕೋಲುಗಳ ಬಿರುಸಿನ ಗುಟ್ಟು ಇದು.

ಆಟ ಉದ್ಯಮವಾದದ್ದು ಅಲಬಾಮಾದ ವಿಮಾ ಮಾರಾಟಗಾರ ರೇ ಸ್ಕಾಟ್‌ನಿಂದ. 1967ರ ಜೂನಿನಲ್ಲಿ ಅವನು ಅರ್ಕನ್ಸಾದ ಬೀವರ್ ಲೇಕ್‌ನಲ್ಲಿ ತಲಾ 100 ಡಾಲರ್ ಪ್ರವೇಶ ಶುಲ್ಕದ ಪಂದ್ಯ ನಡೆಸಿದ. 106 ಮಂದಿ ಬಂದರು. ಮರುವರ್ಷ 'ಬಾಸ್' ಸಂಘಟನೆ ಹುಟ್ಟಿತು. 1971ರ ಮೊದಲ 'ಕ್ಲಾಸಿಕ್' ಪಂದ್ಯದಲ್ಲಿ 24 ಸ್ಪರ್ಧಿಗಳನ್ನು ವಿಮಾನ ಹತ್ತಿಸಿ, ಮೇಲೇರಿದ ಬಳಿಕವಷ್ಟೇ ಹೋಗುವುದು ಲೇಕ್ ಮೀಡ್‌ಗೆ ಎಂದು ತಿಳಿಸಿದರು. ಪ್ರತಿಯೊಬ್ಬನೂ ತರಬಹುದಾದ ಸಾಮಾನು ಹತ್ತು ಪೌಂಡ್ ಮಾತ್ರ. ಯಾವ ನೀರು ಎಂದು ಗೊತ್ತಿಲ್ಲದೆ ಐದು ಕಿಲೋದೊಳಗೆ ಎರೆ ಆರಿಸಬೇಕು! ಗೆದ್ದ ಬಾಬಿ ಮರ್ರಿಗೆ 10,000 ಡಾಲರ್. ಆಯ್ಕೆಯ ಜಾಣತನವನ್ನು ಅಷ್ಟು ಚೊಕ್ಕವಾಗಿ ಪರೀಕ್ಷಿಸಿದ ಪಂದ್ಯ ಮತ್ತೆ ನಡೆದಂತಿಲ್ಲ. ಇಂದಿನ ಸ್ಪರ್ಧಿಯ ದೋಣಿಯಲ್ಲಿ ಕೋಲುಗಳೇ ಕಟ್ಟುಕಟ್ಟು.

ಪಂದ್ಯಗಳು ಗೀಳನ್ನೂ ತಂದವು. ಟೆನೆಸಿಯ ಫ್ರೆಡ್ ಯಂಗ್ ಬಾಲ್ಸಾ ಮರದಲ್ಲಿ ಕೈಯಿಂದ ಕೆತ್ತುತ್ತಿದ್ದ ಹೊಟ್ಟೆ ಡುಮ್ಮನೆಯ 'ಬಿಗ್ ಓ' ಸಿಗದೆ, ಇದ್ದವರಿಂದ ದಿನದ ಬಾಡಿಗೆಗೆ ಪಡೆದವರಿದ್ದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಡೀ ಥಾಮಸ್ ಎಸೆಯುವುದನ್ನೇ ಬಿಟ್ಟು, ಉದ್ದ ಕೋಲಿನಿಂದ ಎರೆಯನ್ನು ಪೊದೆಯೊಳಗೆ ಸದ್ದಿಲ್ಲದೆ ಇಳಿಬಿಟ್ಟು ಅರ್ಕನ್ಸಾದ ಪಂದ್ಯ ಗೆದ್ದ. ಸಂಘಟಕರು ಕೋಲು ಎಂಟಡಿ ಮೀರಬಾರದೆಂದು ನಿಯಮ ಮಾಡಿದರು; ಆ ನಿಯಮದೊಳಗೇ ಏಳೂವರೆ ಅಡಿಯ ಕೋಲು ಜನಪ್ರಿಯವಾಯಿತು. ವಿಮಾನ ಉದ್ಯಮದಿಂದ ಇಳಿದು ಬಂದ ಕಾರ್ಬನ್ ನಾರಿನ ಕೋಲನ್ನು ಫೆನ್‌ವಿಕ್ ಕಂಪನಿ 1970ರ ದಶಕದ ಮೊದಲ ಭಾಗದಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಬಿರುಸು ಹೆಚ್ಚು, ತೂಕ ಕಡಿಮೆ.

ಮತ್ತೆ ದಾರ ಬದಲಾಯಿತು. 1990ರ ದಶಕದ ಆರಂಭದಲ್ಲಿ ಪಾಲಿಎಥಿಲೀನ್ ನಾರಿನ ಹೆಣೆದ ದಾರ ಬಂತು. ಅಷ್ಟೇ ದಪ್ಪದ ನೈಲಾನಿಗಿಂತ ಎಷ್ಟೋ ಪಾಲು ಗಟ್ಟಿ, ಹಿಗ್ಗುವುದಂತೂ ಇಲ್ಲವೆನ್ನುವಷ್ಟು ಕಡಿಮೆ. ಬಿರುಸು ಕೋಲಿಗೆ ಅದನ್ನು ಕಟ್ಟಿದವರು ಮೀನಿನ ಬಾಯಿಂದ ಕೊಕ್ಕೆ ಹರಿದು ಬರುವುದನ್ನೂ, ಕೋಲೇ ಮುರಿಯುವುದನ್ನೂ ಕಂಡರು. ಹಿಗ್ಗುವ ಕೆಲಸವನ್ನು ಇನ್ನು ಕೋಲೇ ಮಾಡಬೇಕು. ಹಳತೆಂದು ಮೂಲೆಗಿಟ್ಟಿದ್ದ ಬಾಗುವ ಗಾಜುನಾರಿನ ಕೋಲಿಗೆ ಮತ್ತೆ ಬೆಲೆ ಬಂತು. ಜಪಾನಿನ ಕುರೆಹಾ ಕಂಪನಿ 1971ರಲ್ಲೇ ತಂದಿದ್ದ ಫ್ಲೋರೊಕಾರ್ಬನ್ ದಾರ ನೀರಿನಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಆದರೆ ಮುಳುಗುತ್ತದೆ. ನೀರಿನ ಮೇಲೆ ಆಡಿಸುವ ಎರೆಯ ಮೂಗನ್ನು ಅದು ಕೆಳಕ್ಕೆ ಎಳೆಯುತ್ತದೆ. ಈಗಿನ ರೂಢಿ ಈ ಅನುಭವಗಳಿಂದಲೇ ಬಂದದ್ದು: ಜೊಂಡಿನಲ್ಲಿ ಕಪ್ಪೆ ಆಡಿಸಲು ಹೆಣೆದ ದಾರ ಮತ್ತು ಬಿರುಸು ಕೋಲು, ತಿಳಿನೀರಿನ ಆಳದಲ್ಲಿ ಹುಳು ಎಳೆಯಲು ಫ್ಲೋರೊಕಾರ್ಬನ್, ಮೂರು ಮುಳ್ಳಿನ ಕೊಕ್ಕೆಯ ತುಟಿಮೀನಿಗೆ ಬಾಗುವ ಕೋಲು. ಹೊಸಬರು ಮೊದಲು ನೀರನ್ನು ನೋಡಿ ದಾರ ಆರಿಸುವುದು ಒಳ್ಳೆಯದು, ಎರೆಯ ಬಣ್ಣದ ಚಿಂತೆ ಆಮೇಲೆ.

ಪೆರ್ರಿಯ ದಾಖಲೆಗೆ ಸಮನಾದ ಮೀನು ಸಿಕ್ಕಿದ್ದು 77 ವರ್ಷಗಳ ನಂತರ, 2009ರ ಜುಲೈ 2ರಂದು, ಜಪಾನಿನ ಬಿವಾ ಸರೋವರದಲ್ಲಿ. ಅಲ್ಲಿ ಬಾಸ್ ಹೊರಗಿನಿಂದ ತಂದ, ಸರ್ಕಾರ ಉಪದ್ರವಿ ಎಂದು ಪಟ್ಟಿ ಮಾಡಿದ ಮೀನು. ಮನಾಬು ಕುರಿತಾ ಹಿಡಿದದ್ದು ಪೆರ್ರಿಯದಕ್ಕಿಂತ ಹೆಚ್ಚು ತೂಗಿತು, ಆದರೆ ಆ ಹೆಚ್ಚಳ ಒಂದು ಔನ್ಸಿಗೂ ಕಡಿಮೆ. ನಿಯಮದ ಪ್ರಕಾರ ಎರಡು ಔನ್ಸ್ ಮೀರದ ಕಾರಣ ಇಬ್ಬರ ಹೆಸರೂ ಜೊತೆಯಾಗಿ ನಿಂತಿವೆ. ಕುರಿತಾ ಬಳಸಿದ್ದು ಹುಸಿ ಎರೆಯನ್ನಲ್ಲ, ಜೀವಂತ ಬ್ಲೂಗಿಲ್ ಮೀನನ್ನು.

ಇನ್ನು ಈ ಸರಕಿನ ಬೆಲೆ. ಅಮೆರಿಕದಲ್ಲಿ ಮಾರಾಟವಾಗುವ ರೀಲು, ದಾರ, ಹುಸಿ ಎರೆಗಳ ಮೇಲೆ 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯ ವ್ಯವಸ್ಥೆಯಡಿ ತಯಾರಕರು ಶೇಕಡಾ 10ರಷ್ಟು ಸುಂಕ ಕಟ್ಟುತ್ತಾರೆ. ಕೋಲಿನ ಮೇಲಿನ ಸುಂಕಕ್ಕೆ ಈಗ 10 ಡಾಲರಿನ ಮಿತಿಯಿದೆ. ಆ ಹಣ ರಾಜ್ಯಗಳ ಮೀನುಗಾರಿಕೆ ಇಲಾಖೆಗಳಿಗೆ ಹಂಚಿಕೆಯಾಗಿ, ಕೆರೆಗಳಿಗೆ ಮರಿ ಬಿಡಲು, ಮೀನಿನ ಅಧ್ಯಯನಕ್ಕೆ, ದೋಣಿ ಇಳಿಸುವ ಕಟ್ಟೆಗಳಿಗೆ ಖರ್ಚಾಗುತ್ತದೆ.